ಮರಿನಾಯಿಗೆ ಹಸಿ ಎಲುಬು: ಪ್ರೀತಿಯೇ ಪೆಟ್ಟಾದೀತು

ಭಾನುವಾರ ಬೆಳಿಗ್ಗೆ ಮಾಂಸದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಮನೆಗೆ ಬೇಕಾದ ಮಾಂಸ ತೂಗಿಸಿಕೊಂಡ ಮೇಲೆ ‘ನಾಯಿಗೆ ನಾಲ್ಕು ಎಲುಬು ಹಾಕಪ್ಪಾ’ ಎಂದು ಕೇಳುವವರು ಇಬ್ಬರಾದರೂ ಇರುತ್ತಾರೆ. ಅಂಗಡಿಯವನೂ ಬೇಸರಪಡದೆ ಎಲುಬು, ಕೊಬ್ಬು, ಒಂದಿಷ್ಟು ಶ್ವಾಸಕೋಶದ ತುಂಡು ಸೇರಿಸಿ ಕಟ್ಟಿಕೊಡುತ್ತಾನೆ. ಮನೆಯಲ್ಲಿ ನಾಲ್ಕೈದು ತಿಂಗಳ ಗ್ರೇಟ್ ಡೇನ್, ರಾಟ್‌ವೀಲರ್, ಜರ್ಮನ್ ಶೆಫರ್ಡ್ ಅಥವಾ ಲ್ಯಾಬ್ರಡಾರ್ ಮರಿ ಬಾಲ ಅಲ್ಲಾಡಿಸುತ್ತ ಕಾದಿರುತ್ತದೆ. ‘ದೊಡ್ಡ ಜಾತಿಯ ನಾಯಿ. ಈಗಲೇ ಎಲುಬು ತಿಂದರೆ ತಾನೇ ಮೂಳೆ ಗಟ್ಟಿಯಾಗುವುದು?’ ಎಂಬುದು ಮನೆಯವರ ನಂಬಿಕೆ.

ಈ ನಂಬಿಕೆ ತಪ್ಪು ಎಂದು ಹೇಳುವುದಕ್ಕಾಗಿಯೇ ಇಂದಿನ ಅಂಕಣ. ಆರೋಗ್ಯದ ಅಂಕಣದಲ್ಲಿ ನಾಯಿಯ ಮಾತೇಕೆ ಎಂದು ಕೇಳಬೇಡಿ. ನಾಯಿ ಮನೆಯೊಳಗೇ ಬೆಳೆಯುತ್ತದೆ, ಮಕ್ಕಳ ಕೈ ನೆಕ್ಕುತ್ತದೆ. ಅದರ ತಟ್ಟೆಯಲ್ಲಿ ಏನು ಬೀಳುತ್ತದೆ ಎಂಬುದು ಇಡೀ ಮನೆಯ ಆರೋಗ್ಯಕ್ಕೆ ಸೇರಿದ ವಿಷಯ.

ಕೆಲವು ವರ್ಷಗಳ ಹಿಂದೆ ಐದು ತಿಂಗಳ ಗ್ರೇಟ್ ಡೇನ್ ಮರಿಯೊಂದನ್ನು ನನ್ನ ಬಳಿಗೆ ಕರೆತಂದಿದ್ದರು. ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು, ಪಾದಗಳು ಹೊರಕ್ಕೆ ತಿರುಗಿದ್ದವು, ಮಣಿಕಟ್ಟು ಊದಿಕೊಂಡಿತ್ತು. ಮನೆಯವರು ಬಡತನದಿಂದಲೋ ಉದಾಸೀನದಿಂದಲೋ ಮರಿಯನ್ನು ಹಾಗೆ ಬಿಟ್ಟವರಲ್ಲ. ಮರಿಗಳಿಗೆಂದೇ ಮಾಡಿದ ಒಳ್ಳೆಯ ಒಣ ಆಹಾರ ಹಾಕುತ್ತಿದ್ದರು. ಅದರ ಮೇಲೆ ದಿನವೂ ಹಸಿ ಎಲುಬು. ಅದರ ಮೇಲೆ ಪಕ್ಕದ ಮನೆಯವರು ಹೇಳಿದ ಕ್ಯಾಲ್ಸಿಯಂ ಸಿರಪ್. ಕಾಲು ಸೊಟ್ಟಗಾಗುವುದನ್ನು ಕಂಡು ಗಾಬರಿಯಿಂದ ಎಲುಬನ್ನೂ ಸಿರಪ್ಪನ್ನೂ ಎರಡರಷ್ಟು ಮಾಡಿದ್ದರು!

ಎಲ್ಲವನ್ನೂ ನಿಲ್ಲಿಸಿ, ಆಹಾರವನ್ನು ಅಳೆದು ಕೊಡಲು ಹೇಳಿದೆವು. ಒಂದು ಕಾಲು ಬಹುಮಟ್ಟಿಗೆ ಸರಿಹೋಯಿತು. ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಬೇಕಾಯಿತು. ನಾಯಿ ಬದುಕಿತು, ಆದರೆ ಕುಂಟು ಹೋಗಲಿಲ್ಲ. ಆ ಮನೆಯ ತಾಯಿ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: ‘ಕಡಿಮೆ ಹಾಕಿ ಕೆಡಿಸಿದ್ದರೆ ಬೇರೆ ಮಾತು ಡಾಕ್ಟ್ರೇ. ನಾವು ಹೆಚ್ಚು ಹಾಕಿ ಕೆಡಿಸಿದೆವಲ್ಲ.’

ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ದೊಡ್ಡ ಜಾತಿಯ ಮರಿ ಬಂದರೆ ನಾನೂ ಯೋಚಿಸದೆ ಕ್ಯಾಲ್ಸಿಯಂ ಬರೆದುಕೊಟ್ಟಿದ್ದುಂಟು.

ಕ್ಯಾಲ್ಸಿಯಂ ಹೆಚ್ಚಾದರೆ ಏನಾಗುತ್ತದೆ?

ಗ್ರೇಟ್ ಡೇನ್ ಮರಿ ಹುಟ್ಟುವಾಗ ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಐವತ್ತು ಕಿಲೋ ದಾಟುತ್ತದೆ. ನಮ್ಮ ಮಕ್ಕಳು ಹದಿನೆಂಟು ವರ್ಷದಲ್ಲಿ ಸುಮಾರು ಇಪ್ಪತ್ತು ಪಟ್ಟು ಬೆಳೆದರೆ, ಈ ಮರಿ ಒಂದೂವರೆ ವರ್ಷದಲ್ಲಿ ನೂರು ಪಟ್ಟಿನ ಹತ್ತಿರ ಬೆಳೆಯುತ್ತದೆ. ಇಷ್ಟು ವೇಗದಲ್ಲಿ ಕಟ್ಟುವ ಕಟ್ಟಡದಲ್ಲಿ ಸಾಮಗ್ರಿ ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ.

ಬೆಳೆದ ನಾಯಿ ಅಗತ್ಯಕ್ಕಿಂತ ಹೆಚ್ಚು ಕ್ಯಾಲ್ಸಿಯಂ ತಿಂದರೆ ಅದರ ಕರುಳು ಬೇಕಾದಷ್ಟನ್ನು ಹೀರಿಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ಸುಮಾರು ಆರು ತಿಂಗಳು ತುಂಬುವವರೆಗೆ ಮರಿಗೆ ಈ ವಿವೇಚನೆ ಸಾಲದು. ಬಾಗಿಲಲ್ಲಿ ಕಾವಲುಗಾರನಿಲ್ಲದ ಮನೆಯಂತೆ, ಬಂದದ್ದರಲ್ಲಿ ಬಹುಭಾಗ ಒಳಕ್ಕೆ ಹೋಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿತೆಂದು ದೇಹವು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಮೂಳೆ ತನ್ನನ್ನು ತಾನು ಕೆತ್ತಿ, ತಿದ್ದಿ ಆಕಾರ ಪಡೆಯುವ ಕೆಲಸ ಇದರಿಂದ ಮಂದವಾಗುತ್ತದೆ.

ಮೂಳೆ ಉದ್ದ ಬೆಳೆಯುವುದು ಅದರ ತುದಿಯಲ್ಲಿರುವ ಮೃದ್ವಸ್ಥಿಯ ಪಟ್ಟಿಯಲ್ಲಿ. ಈ ಮೃದ್ವಸ್ಥಿ ಕ್ರಮವಾಗಿ ಗಟ್ಟಿ ಮೂಳೆಯಾಗಿ ಮಾರ್ಪಡಬೇಕು. ಕ್ಯಾಲ್ಸಿಯಂ ಅತಿಯಾದಾಗ ಈ ಮಾರ್ಪಾಟು ಕೆಡುತ್ತದೆ. ಮುಂಗಾಲಿನಲ್ಲಿ ಅಕ್ಕಪಕ್ಕ ಎರಡು ಮೂಳೆಗಳಿವೆ. ಒಂದರ ಬೆಳವಣಿಗೆ ಹಿಂದೆ ಬಿದ್ದು ಇನ್ನೊಂದು ಬೆಳೆಯುತ್ತಲೇ ಹೋದರೆ ಕಾಲು ಬಾಗದೆ ಇನ್ನೇನಾದೀತು? ಕೀಲುಗಳ ಒಳಗೂ ಮೃದ್ವಸ್ಥಿ ದಪ್ಪವಾಗಿ, ಬಿರುಕು ಬಿಟ್ಟು, ಚೂರು ಕಳಚಿಕೊಳ್ಳಬಹುದು. ಭುಜ ಮತ್ತು ಮೊಣಕೈ ಕೀಲಿನ ಕುಂಟುವಿಕೆಗೆ ಇದೊಂದು ಮುಖ್ಯ ಕಾರಣ.

ಇದು ಊಹೆಯಲ್ಲ. 1985ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹೇಜ್‌ವಿಂಕೆಲ್ ಮತ್ತು ಸಂಗಡಿಗರು ಗ್ರೇಟ್ ಡೇನ್ ಮರಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿನ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 1.1, ಇನ್ನೊಂದರಲ್ಲಿ ಅದರ ಮೂರು ಪಟ್ಟು, ಅಂದರೆ ಶೇ. 3.3. ಹೆಚ್ಚು ತಿಂದ ಮರಿಗಳ ಮೂಳೆಯ ಬೆಳವಣಿಗೆಯೇ ಹದಗೆಟ್ಟಿತು. ಅದಕ್ಕೂ ಮೊದಲು, 1974ರಲ್ಲಿ, ಹೆಡ್‌ಹ್ಯಾಮರ್ ಮತ್ತು ಸಂಗಡಿಗರು ಅಮೆರಿಕದ ಕಾರ್ನೆಲ್‌ನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಪುಷ್ಟಿಕರ ಆಹಾರವನ್ನು ಹೊಟ್ಟೆ ತುಂಬ ತಿನ್ನಲು ಬಿಟ್ಟು ನೋಡಿದ್ದರು. ಮಿತಿಯಲ್ಲಿ ತಿಂದ ಮರಿಗಳಿಗಿಂತ ಅವುಗಳಲ್ಲಿ ಮೂಳೆಯ ದೋಷಗಳು ಹೆಚ್ಚಾಗಿ ಕಂಡವು. ಆಮೇಲೆ ಕೆಲವು ಕಾಲ ಪ್ರೋಟೀನೇ ಅಪರಾಧಿ ಎಂದು ಹಲವರು ನಂಬಿದ್ದರು. ಮುಂದಿನ ಅಧ್ಯಯನಗಳಲ್ಲಿ ಪ್ರೋಟೀನ್ ಬಿಡುಗಡೆಯಾಯಿತು. ಉಳಿದ ಅಪರಾಧಿಗಳು ಎರಡು: ಅತಿ ಆಹಾರ, ಅತಿ ಕ್ಯಾಲ್ಸಿಯಂ.

ಲೆಕ್ಕ ಹಾಕಿ ನೋಡಿ

ಬೆಳೆದ ಮೇಲೆ ಸುಮಾರು 32 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುವ ನಾಯಿಗಳ ಮರಿಗಳಿಗೆ ಕೊಡುವ ಆಹಾರದಲ್ಲಿ, ನೀರಿನ ಅಂಶ ಬಿಟ್ಟು ಲೆಕ್ಕ ಹಾಕಿದಾಗ, ಕ್ಯಾಲ್ಸಿಯಂ ಶೇ. 1.2ಕ್ಕಿಂತ ಕಡಿಮೆಯಿರಬಾರದು, ಶೇ. 1.8 ಮೀರಬಾರದು ಎಂಬುದು ಅಮೆರಿಕದ ಆಹಾರ ನಿಯಂತ್ರಣಾಧಿಕಾರಿಗಳ ಒಕ್ಕೂಟದ ನಿಯಮ. ಕಿಟಕಿ ಎಷ್ಟು ಕಿರಿದು ನೋಡಿ.

ನಿಮ್ಮ ಮರಿ ದಿನಕ್ಕೆ ಅರ್ಧ ಕಿಲೋ ಇಂಥ ಒಣ ಆಹಾರ ತಿನ್ನುತ್ತದೆ ಎಂದುಕೊಳ್ಳಿ. ಅದರಿಂದಲೇ ಸುಮಾರು 6 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಒಣಗಿದ ಮೂಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಕ್ಯಾಲ್ಸಿಯಮ್ಮೇ. ಮರಿ ಕಡಿದು ನುಂಗುವ ಎಲುಬಿನಲ್ಲಿ ಒಣ ತೂಕ 20 ಗ್ರಾಂ ಇದ್ದರೂ 5 ಗ್ರಾಂ ಕ್ಯಾಲ್ಸಿಯಂ ಸೇರಿತು. ದಿನದ ಪ್ರಮಾಣ ಎರಡರಷ್ಟಾಗಲು ಇನ್ನೇನು ಬೇಕು? ಮರಿ ಇಂದು ಎಷ್ಟು ಕಡಿಯಿತು, ನಿನ್ನೆ ಎಷ್ಟು ನುಂಗಿತು ಎಂದು ಅಳೆಯಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಎಲುಬಿನ ದೊಡ್ಡ ದೋಷವೇ ಇದು. ಅದೊಂದು ಅಳತೆಯಿಲ್ಲದ ಔಷಧಿ.

ಹಾಗೆಂದು ಕ್ಯಾಲ್ಸಿಯಂ ಶತ್ರುವಲ್ಲ. ಬರೀ ಮಾಂಸ ಅಥವಾ ಬರೀ ಅನ್ನ–ಸಾರು ತಿಂದು ಬೆಳೆಯುವ ಮರಿಗಳ ಸ್ಥಿತಿ ಇನ್ನೂ ಶೋಚನೀಯ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಅಂಥ ಮರಿಗಳ ದೇಹ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಮ್ಮನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮೂಳೆ ತೆಳುವಾಗಿ, ಮಂಚದಿಂದ ಇಳಿದರೂ ಮುರಿಯುವಂತಾಗುತ್ತದೆ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ನಿಜ. ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಮತ್ತು ಸತುವನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ರಾಗಿ ಅಂಬಲಿಯ ಮೇಲೆ ಕ್ಯಾಲ್ಸಿಯಂ ಸುರಿದರೆ ಸತು ಇನ್ನಷ್ಟು ಕಡಿಮೆಯಾಗಿ ಮೂತಿ, ಕಣ್ಣಿನ ಸುತ್ತ, ಕೀಲುಗಳ ಮೇಲೆ ಹಕ್ಕಳೆಗಟ್ಟುವ ಚರ್ಮದ ತೊಂದರೆ ಬರಬಹುದು. ಆದ್ದರಿಂದ ಮನೆಯ ಅಡುಗೆಯನ್ನೇ ಹಾಕುವವರು ತಮ್ಮ ಪಶುವೈದ್ಯರಿಂದ ಲೆಕ್ಕ ಬರೆಸಿಕೊಳ್ಳಬೇಕು. ಆ ಲೆಕ್ಕದಲ್ಲಿ ಕ್ಯಾಲ್ಸಿಯಂ ಪುಡಿ ಇದ್ದರೆ ಅದು ಅಳತೆಯ ಚಮಚೆಯಲ್ಲಿ ಬರಲಿ, ಮಾಂಸದಂಗಡಿಯ ಪೊಟ್ಟಣದಲ್ಲಿ ಅಲ್ಲ.

ಮರಿಯನ್ನು ಬಿಸಿಲಲ್ಲಿ ಕಟ್ಟಿದರೆ ಸಾಕು, ‘ಡಿ’ ಜೀವಸತ್ವ ಸಿಗುತ್ತದೆ ಎನ್ನುವವರೂ ಇದ್ದಾರೆ. ನಮ್ಮ ಚರ್ಮದಂತೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ‘ಡಿ’ ತಯಾರಿಸಲಾರದು. ಅದು ಆಹಾರದಿಂದಲೇ ಬರಬೇಕು, ಅದಕ್ಕೂ ಮಿತಿ ಬೇಕು.

ತೋಳ ತಿನ್ನುವುದಿಲ್ಲವೇ?

ಹಸಿ ಎಲುಬಿನ ಪರವಾಗಿ ವಾದಿಸುವವರು ಕಡಿಮೆಯಿಲ್ಲ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಬರೆದ ‘ಗಿವ್ ಯುವರ್ ಡಾಗ್ ಎ ಬೋನ್’ ಪುಸ್ತಕ ಈ ಪದ್ಧತಿಗೆ ಜಗತ್ತಿನಲ್ಲೆಲ್ಲ ಹೆಸರು ತಂದಿತು. ಈಗ ಮೊಬೈಲಿನ ವಿಡಿಯೋಗಳ ಮೂಲಕ ಅದು ನಮ್ಮ ಬಡಾವಣೆಗಳಿಗೂ ಬಂದಿದೆ. ಕಾಡಿನ ತೋಳ ಎಲುಬು ತಿನ್ನುವುದಿಲ್ಲವೇ, ಬೀದಿನಾಯಿ ತಿಂದು ಚೆನ್ನಾಗಿಲ್ಲವೇ ಎಂಬುದು ಇವರ ಪ್ರಶ್ನೆ.

ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಎಲುಬು ಕಡಿಯುವುದರಿಂದ ಹಲ್ಲಿನ ಮೇಲಿನ ಪಾಚಿ ತುಸು ಕಡಿಮೆಯಾಗುತ್ತದೆ, ಮರಿಗೂ ಹೊತ್ತು ಹೋಗುತ್ತದೆ. ಬೇಯಿಸಿದ ಎಲುಬಿನಷ್ಟು ಸುಲಭವಾಗಿ ಹಸಿ ಎಲುಬು ಚೂಪು ಚೂರುಗಳಾಗಿ ಸೀಳುವುದಿಲ್ಲ ಎಂಬುದೂ ನಿಜ. ಆದರೆ ತೋಳದ ಮರಿ ಐವತ್ತು–ಅರವತ್ತು ಕಿಲೋಗೆ ಓಡುವ ಮರಿಯಲ್ಲ. ಗ್ರೇಟ್ ಡೇನ್ ಗಾತ್ರ ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯ ಆರಿಸಿ ಆರಿಸಿ ಬೆಳೆಸಿದ್ದು. ನಾಯಿ ತೋಳದಿಂದ ಬಹಳ ದೂರ ಬಂದಿದೆ. ಪಿಷ್ಟ ಪದಾರ್ಥವನ್ನು ಜೀರ್ಣಿಸುವ ಶಕ್ತಿ ನಾಯಿಯಲ್ಲಿ ತೋಳಕ್ಕಿಂತ ಹೆಚ್ಚಿಗೆ ಬೆಳೆದಿರುವುದನ್ನು 2013ರಲ್ಲಿ ವಂಶವಾಹಿಗಳ ಅಧ್ಯಯನವೇ ತೋರಿಸಿತು. ಇನ್ನು ಎಲುಬು ಸಿಕ್ಕಿಕೊಂಡು ಸತ್ತ ತೋಳವನ್ನೂ ಬೀದಿನಾಯಿಯನ್ನೂ ಎಣಿಸಿದವರು ಯಾರು? ಬದುಕಿದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಪಮೇರಿಯನ್‌ನಂಥ ಚಿಕ್ಕ ಜಾತಿಯ ಮರಿಗಳು ಕ್ಯಾಲ್ಸಿಯಮ್ಮಿನ ಏರುಪೇರನ್ನು ಹೆಚ್ಚು ತಡೆದುಕೊಳ್ಳುತ್ತವೆ. ನಮ್ಮ ಮುಧೋಳ ನಾಯಿ ಎತ್ತರವಿದ್ದರೂ ಹಗುರ ಮೈಯದು. ‘ನಮ್ಮ ಹಿಂದಿನ ನಾಯಿ ತಿಂದು ಏನೂ ಆಗಲಿಲ್ಲ’ ಎನ್ನುವವರು ಆ ನಾಯಿ ಎಷ್ಟು ತೂಗುತ್ತಿತ್ತು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಹಲ್ಲು, ಹೊಟ್ಟೆ ಮತ್ತು ಮನೆಯವರು

ಮೂಳೆಯ ಬೆಳವಣಿಗೆಯ ಮಾತು ಬಿಟ್ಟರೂ ಬೇರೆ ಅಪಾಯಗಳಿವೆ. ಗಟ್ಟಿ ತೊಡೆಯೆಲುಬು ಕಡಿದು ಹಲ್ಲು ಸೀಳಿಕೊಳ್ಳುವ ನಾಯಿಗಳನ್ನು ನಾವು ಆಗಾಗ ನೋಡುತ್ತೇವೆ. ಮೇಲ್ದವಡೆಯ ದೊಡ್ಡ ಕತ್ತರಿ ಹಲ್ಲು ಮುರಿಯುವುದು ಹೆಚ್ಚು. ಅವಸರದಲ್ಲಿ ನುಂಗಿದ ತುಂಡು ಅನ್ನನಾಳದಲ್ಲೋ ಕರುಳಿನಲ್ಲೋ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಹೆಚ್ಚು ಎಲುಬು ತಿಂದ ಮರಿಯ ಮಲ ಸುಣ್ಣದ ಗಟ್ಟಿಯಂತಾಗಿ, ಮರಿ ಮುಕ್ಕಿ ಮುಕ್ಕಿ ಸೋಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯವರಿಗೆ ಸಂಬಂಧಿಸಿದ ಅಪಾಯವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಹಸಿ ಮಾಂಸ ಮತ್ತು ಎಲುಬಿನಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳು ಇರಬಹುದು. ಇವು ಹೊಟ್ಟೆಗೆ ಹೋದ ನಾಯಿ ಆರೋಗ್ಯವಾಗಿಯೇ ಕಾಣಬಹುದು, ಆದರೆ ಅದರ ಮಲದಲ್ಲಿ ರೋಗಾಣು ಹೊರಬರುತ್ತಿರುತ್ತದೆ. ಅದು ಎಲುಬನ್ನು ಚಾಪೆಯ ಮೇಲೆ, ಸೋಫಾದ ಕೆಳಗೆ ಎಳೆದಾಡುತ್ತದೆ. ಅಲ್ಲೇ ನಿಮ್ಮ ಮಗು ಅಂಬೆಗಾಲಿಡುತ್ತದೆ. ಫ್ರಿಜ್ಜಿನಲ್ಲಿ ಮಂಜುಗಟ್ಟಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ನಂಬಬೇಡಿ. ಅದು ಸುಮ್ಮನಿರುತ್ತದೆ, ಅಷ್ಟೆ.

ಎಲುಬಿನ ಜತೆ ಪುಕ್ಕಟೆ ಬರುವ ಹಸಿ ಶ್ವಾಸಕೋಶ, ಪಿತ್ತಜನಕಾಂಗದ ತುಂಡುಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕುರಿ, ಮೇಕೆ, ದನಗಳ ಈ ಅಂಗಗಳಲ್ಲಿ ನೀರು ತುಂಬಿದ ಗಂಟುಗಳಿರಬಹುದು. ಅವು ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಗೂಡುಗಳು. ನಾಯಿ ಅದನ್ನು ಹಸಿಯಾಗಿ ತಿಂದರೆ ಹುಳು ಅದರ ಕರುಳಿನಲ್ಲಿ ಬೆಳೆದು ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಮಗುವಿನ ಕೈಯಿಂದ ಬಾಯಿಗೆ ಹೋದರೆ ಎಷ್ಟೋ ವರ್ಷಗಳ ನಂತರ ಅದೇ ಗಂಟು ಮನುಷ್ಯನ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ಕಾಣಿಸಿಕೊಳ್ಳಬಹುದು. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲಿಯೇ ಸಾಕುಪ್ರಾಣಿಗಳಿಗೆ ಹಸಿ ಮಾಂಸಾಹಾರ ಕೊಡುವುದು ಬೇಡ ಎಂಬ ನಿಲುವು ತಾಳಿದ್ದು, ಸಾಕುಪ್ರಾಣಿ ಮತ್ತು ಮನೆಯವರು ಇಬ್ಬರಿಗೂ ಸೋಂಕಿನ ಭಯವಿದೆ ಎಂಬ ಕಾರಣದಿಂದ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ದೊಡ್ಡ ಜಾತಿಯ ಮರಿಗಳಿಗೆಂದೇ ತಯಾರಿಸಿದ ಸಮತೋಲನದ ಆಹಾರ ಕೊಡುತ್ತಿದ್ದರೆ ಅದರ ಮೇಲೆ ಎಲುಬು, ಸಿರಪ್, ಮಾತ್ರೆ, ಪುಡಿ ಯಾವುದೂ ಬೇಡ. ‘ಇರಲಿ ಬಿಡಿ, ಸ್ವಲ್ಪ’ ಎಂಬ ಮಾತೂ ಬೇಡ.

ಎರಡನೆಯದು, ಅಳೆದು ಹಾಕಿ. ದಿನದ ಆಹಾರವನ್ನು ಎರಡು ಮೂರು ಭಾಗ ಮಾಡಿ, ಹದಿನೈದು ನಿಮಿಷದ ನಂತರ ತಟ್ಟೆ ತೆಗೆದುಬಿಡಿ. ಹದಿನೈದು ದಿನಕ್ಕೊಮ್ಮೆ ಮರಿಯನ್ನು ತೂಗಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಗುಂಡುಗುಂಡಾದ ಮರಿ ನೋಡಲು ಚೆಂದ, ಆದರೆ ಎಳೆಯ ಕೀಲುಗಳಿಗೆ ಅದು ಹೊರೆ. ಅಮೆರಿಕದ ನಾಯಿ ಆಹಾರ ಕಂಪೆನಿಯೊಂದು 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ಜೀವನಪರ್ಯಂತ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟು ನೋಡಿತು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ತಿಂದ ಗುಂಪಿನದು 11.2 ವರ್ಷ. ಕೀಲುನೋವು ಕೂಡ ಮಿತವಾಗಿ ತಿಂದವುಗಳಿಗೆ ತಡವಾಗಿ ಬಂತು. ಆಹಾರ ಮಾರುವವರೇ ‘ಕಡಿಮೆ ಹಾಕಿ’ ಎನ್ನುವ ಫಲಿತಾಂಶವನ್ನು ಪ್ರಕಟಿಸಿದರೆ ನಾವು ಕಿವಿಗೊಡಬೇಕಲ್ಲವೇ?

ಮೂರನೆಯದು, ಕಡಿಯಲು ಬೇರೆ ವಸ್ತು ಕೊಡಿ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ನಾಲ್ಕರಿಂದ ಆರು ತಿಂಗಳ ಅವಧಿಯಲ್ಲಿ ಮರಿಗೆ ಏನನ್ನಾದರೂ ಕಡಿಯಲೇಬೇಕು. ಗಟ್ಟಿ ರಬ್ಬರಿನ ಆಟಿಕೆ, ತಣ್ಣಗಿನ ದೊಡ್ಡ ಗಜ್ಜರಿ ಸಾಕು. ನಿಮ್ಮ ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವೂ ತಗ್ಗದ ವಸ್ತು ಮರಿಯ ಹಲ್ಲಿಗೆ ತಕ್ಕದ್ದಲ್ಲ. ಹಲ್ಲು ಶುಚಿಯಾಗಲು ನಾಯಿಗೆಂದೇ ಮಾಡಿದ ಪೇಸ್ಟ್‌ನಿಂದ ಬ್ರಷ್ ಮಾಡುವ ಅಭ್ಯಾಸ ಚಿಕ್ಕಂದಿನಲ್ಲೇ ಆಗಲಿ.

ನಾಲ್ಕನೆಯದು, ನುಣುಪಾದ ನೆಲ, ಮಹಡಿಯ ಮೆಟ್ಟಿಲು, ಬೈಕಿನ ಹಿಂದೆ ಓಡಿಸುವುದು ಇವುಗಳಿಂದ ಮರಿಯನ್ನು ದೂರವಿಡಿ. ಬೆಳೆಯುವ ಮೂಳೆಗೆ ಆಟ ಬೇಕು, ದಂಡನೆ ಬೇಡ.

ಮರಿ ಕುಂಟಿದರೆ, ಮಣಿಕಟ್ಟು ಊದಿದರೆ, ಕಾಲು ಬಾಗಿದರೆ ‘ಕ್ಯಾಲ್ಸಿಯಂ ಕಡಿಮೆಯಾಗಿದೆ’ ಎಂದು ನೀವೇ ತೀರ್ಮಾನಿಸಬೇಡಿ. ಕೊರತೆಯಿಂದಲೂ ಕಾಲು ಬಾಗುತ್ತದೆ, ಅತಿಯಿಂದಲೂ ಬಾಗುತ್ತದೆ. ಹೊರಗಿನಿಂದ ನೋಡಿ ಬೇರ್ಪಡಿಸುವುದು ಕಷ್ಟ. ಎಕ್ಸ್‌ರೇ ತೆಗೆಸಿ, ಮರಿ ಇದುವರೆಗೆ ತಿಂದದ್ದನ್ನೆಲ್ಲ ವೈದ್ಯರಿಗೆ ಮುಚ್ಚಿಡದೆ ಹೇಳಿ. ವಾರಗಟ್ಟಲೆ ತಡಮಾಡಿದರೆ ತಿದ್ದುವ ಕಾಲ ಮೀರಿಹೋಗುತ್ತದೆ. ಎಲುಬು ನುಂಗಿದ ಮರಿ ಜೊಲ್ಲು ಸುರಿಸಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಮಲಕ್ಕೆ ಮುಕ್ಕಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಾಗ ನಾವು ಅನ್ನದ ಉಂಡೆ ನುಂಗುವಂತೆ ನಾಯಿಗೆ ಬಾಳೆಹಣ್ಣು, ಅನ್ನ ತುರುಕಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ.

ಬೆಳೆದ ನಾಯಿಗೆ ಎಲುಬು ಕೊಡಬಹುದೇ? ಹಲ್ಲು, ಸೋಂಕು, ಅಡಚಣೆಯ ಭಯ ಆಗಲೂ ಇರುತ್ತದೆ, ಆದ್ದರಿಂದ ನಾನು ಕೊಡಿ ಎನ್ನಲಾರೆ. ಬೇಯಿಸಿದ ಎಲುಬಂತೂ ಯಾವ ವಯಸ್ಸಿನ ನಾಯಿಗೂ ಬೇಡ. ಆದರೆ ನನ್ನ ಇಂದಿನ ಬೇಡಿಕೆ ಚಿಕ್ಕದು. ದೊಡ್ಡ ಜಾತಿಯ ಮರಿ ಬೆಳೆದು ಮುಗಿಯುವವರೆಗೆ, ಅಂದರೆ ಒಂದು ವರ್ಷ, ತೀರಾ ದೊಡ್ಡ ಜಾತಿಯಾದರೆ ಒಂದೂವರೆ ವರ್ಷದವರೆಗಾದರೂ, ಅದರ ಬಾಯಿಗೆ ಎಲುಬು ಬೀಳದಿರಲಿ. ನಾಯಿ ಹತ್ತು ಹನ್ನೆರಡು ವರ್ಷ ಊರಿ ನಡೆಯಬೇಕಾದ ಕಾಲುಗಳು ತಯಾರಾಗುವುದು ಈ ತಿಂಗಳುಗಳಲ್ಲಿ.

ಮುಂದಿನ ಭಾನುವಾರ ಅಂಗಡಿಯವನು ಕೇಳುವ ಮೊದಲೇ ಪೊಟ್ಟಣ ಕಟ್ಟಲು ಹೊರಟರೆ, ‘ಬೇಡಪ್ಪಾ, ಮರಿ ಇನ್ನೂ ಬೆಳೆಯುತ್ತಿದೆ’ ಎಂದು ಹೇಳಿ ಬನ್ನಿ.